ಲಿನಕ್ಸ್‌ನಲ್ಲಿ ಸೋರ್ಸ್ ಲಿಸ್ಟ್ ಕೆಟ್ಟಿದೆಯಾ? ರೀಸೆಟ್ ಮಾಡೋಕೆ ಯಾವ ದಾರಿ ಯಾರಿಗೆ

ನಮ್ಮ ಭಾವನ ಲ್ಯಾಪ್‌ಟಾಪ್‌ನಲ್ಲಿ ಉಬುಂಟು 22.04 ಇತ್ತು. ಯಾವುದೋ ಪ್ರೋಗ್ರಾಂನ ಹೊಸ ಆವೃತ್ತಿ ಬೇಕಂತ ಒಂದು ವೀಡಿಯೊ ನೋಡಿ, ಪ್ರೋಗ್ರಾಂಗಳು ಎಲ್ಲಿಂದ ಇಳಿಯಬೇಕು ಅಂತ ಬರೆದಿರುವ ಸೋರ್ಸ್ ಫೈಲ್ ತೆರೆದು, ‘ಜ್ಯಾಮಿ’ ಅಂತ ಇದ್ದ ಕಡೆಯೆಲ್ಲ ‘ನೋಬಲ್’ ಅಂತ ತಿದ್ದಿಬಿಟ್ಟಿದ್ದರು. ಜ್ಯಾಮಿ ಅಂದರೆ 22.04ರ ಅಡ್ಡಹೆಸರು, ನೋಬಲ್ ಅಂದರೆ 24.04ರದ್ದು. ಅಪ್‌ಡೇಟ್ ಕೊಟ್ಟಾಗ ಒಂದೇ ಒಂದು ಎರರ್ ಬರಲಿಲ್ಲ. ಆಮೇಲೆ ಅಪ್‌ಗ್ರೇಡ್ ಕೊಟ್ಟರೆ ಸಾವಿರಕ್ಕೂ ಜಾಸ್ತಿ ಪ್ಯಾಕೇಜ್‌ಗಳ ಪಟ್ಟಿ ಪರದೆ ತುಂಬ ಸುರಿಯಿತು, ಕೊನೆಗೆ ಮುಂದುವರಿಯೋಕೆ ವೈ ಒತ್ತಿ ಅನ್ನೋ ಪ್ರಶ್ನೆ. ನನಗೆ ಫೋನ್ ಬಂತು.

“ಭಾವ, ವೈ ಒತ್ತಿದ್ರಾ?”

“ಇಲ್ಲಪ್ಪ. ಅಷ್ಟು ದೊಡ್ಡ ಪಟ್ಟಿ ನೋಡಿ ಹೆದರಿಕೆ ಆಯ್ತು. ಟರ್ಮಿನಲ್ಲೇ ಕ್ಲೋಸ್ ಮಾಡ್ಬಿಟ್ಟೆ.”

ಸರಿ, ಎರಡು ನಿಮಿಷದ ಕೆಲಸ. ನೋಬಲ್ ಅಂತ ಇದ್ದದ್ದನ್ನು ಮತ್ತೆ ಜ್ಯಾಮಿ ಮಾಡಿಸಿದೆ, ಅಪ್‌ಡೇಟ್ ಕೊಡಿಸಿದೆ, ಮುಗೀತು. ಅದೇ ತಿಂಗಳು ನಮ್ಮ ಬೀದಿಯ ಇಂಜಿನಿಯರಿಂಗ್ ಹುಡುಗನೊಬ್ಬ ಅದೇ ತಪ್ಪು ಮಾಡಿದ. ಅವನು ವೈ ಒತ್ತಿದ್ದ. ಅರ್ಧ ದಾರಿಯಲ್ಲಿ ಕರೆಂಟ್ ಬೇರೆ ಹೋಯಿತು. ಅವನ ಸೋರ್ಸ್ ಫೈಲನ್ನು ಸರಿಮಾಡೋಕೆ ನನಗೆ ಹಿಡಿದದ್ದೂ ಎರಡೇ ನಿಮಿಷ. ಆದರೆ ಅದರಿಂದ ಏನೂ ಪ್ರಯೋಜನ ಆಗಲಿಲ್ಲ. ಕೊನೆಗೆ ಫೈಲುಗಳನ್ನು ಪೆನ್‌ಡ್ರೈವ್‌ಗೆ ತೆಗೆದುಕೊಂಡು ಹೊಸದಾಗಿ ಇನ್‌ಸ್ಟಾಲ್ ಮಾಡಬೇಕಾಯಿತು.

ಸೋರ್ಸ್ ರೀಸೆಟ್ ಬಗ್ಗೆ ನಾನು ಹೇಳಬೇಕಾದ್ದೆಲ್ಲ ಈ ಎರಡು ಮೆಷಿನ್‌ಗಳಲ್ಲೇ ಇದೆ. ಸೋರ್ಸ್ ಲಿಸ್ಟ್ ಅಂದರೆ ಯಾವ ಅಂಗಡಿಯಿಂದ ಸಾಮಾನು ತರಬೇಕು ಅಂತ ಬರೆದ ಚೀಟಿ. ಚೀಟಿ ಹರಿದು ಹೊಸದು ಬರೆದ ಮಾತ್ರಕ್ಕೆ ಡಬ್ಬದಲ್ಲಿ ಈಗಾಗಲೇ ತುಂಬಿಟ್ಟ ಬೇಳೆ ಬದಲಾಗೋದಿಲ್ಲ. ಹಾಗಾಗಿ ಯಾವ ದಾರಿ ಹಿಡಿಯಬೇಕು ಅನ್ನೋದನ್ನು ಫೈಲ್ ಎಷ್ಟು ಕೆಟ್ಟಿದೆ ಅಂತ ನೋಡಿ ತೀರ್ಮಾನ ಮಾಡಬೇಡಿ. ಆ ಕೆಟ್ಟ ಫೈಲಿನಿಂದ ಏನೇನು ಒಳಗೆ ಬಂದಿದೆ ಅಂತ ನೋಡಿ.

ನೋಡೋಕೆ ಸುಲಭದ ಜಾಗ ಒಂದಿದೆ. ವಾರ್ ಫೋಲ್ಡರ್, ಅದರೊಳಗೆ ಲಾಗ್, ಅದರೊಳಗೆ ಆಪ್ಟ್, ಅಲ್ಲಿ ಹಿಸ್ಟರಿ ಡಾಟ್ ಲಾಗ್ ಅನ್ನೋ ಫೈಲ್. ಯಾವ ದಿನ, ಎಷ್ಟು ಹೊತ್ತಿಗೆ, ಯಾವ ಕಮಾಂಡ್ ಕೊಟ್ಟಿದ್ದಿರಿ, ಅದರಿಂದ ಯಾವ ಪ್ಯಾಕೇಜ್ ಬಂತು, ಯಾವುದು ಹೋಯಿತು, ಎಲ್ಲ ಅಲ್ಲಿ ಬರೆದಿರುತ್ತದೆ. ನೀವು ಸೋರ್ಸ್ ತಿದ್ದಿದ ದಿನದಿಂದ ಈಚೆಗೆ ಅಲ್ಲಿ ಏನೂ ಇಲ್ಲ ಅಂದರೆ ನಿಶ್ಚಿಂತೆಯಿಂದ ಕಾಫಿ ಕುಡಿಯಿರಿ. ಕೆಳಗಿನ ಯಾವ ದಾರಿಯೂ ನಡೆಯುತ್ತದೆ.

ಇಲ್ಲಿ ಕಮಾಂಡ್‌ಗಳನ್ನು ಬಾಯಲ್ಲಿ ಹೇಳುವ ಹಾಗೆ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷ್ ಸಣ್ಣಕ್ಷರ. ಆಪ್ಟ್ ಅಂದರೆ ಪ್ಯಾಕೇಜ್ ಇಳಿಸಿ ಹಾಕುವ ಟೂಲ್, ಸುಡೊ ಅಂದರೆ ಅಡ್ಮಿನ್ ಅಧಿಕಾರದಿಂದ ಕಮಾಂಡ್ ಕೊಡೋದು. ಉಬುಂಟು, ಮಿಂಟ್, ಸ್ವಲ್ಪ ಡೆಬಿಯನ್, ಇಷ್ಟಕ್ಕೆ ಮಾತ್ರ ಇದು ಅನ್ವಯ. ಫೆಡೋರಾ, ಆರ್ಚ್ ಬಳಸುವವರ ಸಂಸಾರ ಬೇರೆ.

ರೀಸೆಟ್ ಬೇಕೇ ಬೇಕಾ?

ಸುಡೊ ಆಪ್ಟ್ ಅಪ್‌ಡೇಟ್ ಕೊಟ್ಟಾಗ ಕೆಂಪಕ್ಷರ ಕಂಡರೆ ಸಾಕು, ಜನ ಸೋರ್ಸ್ ಫೈಲ್ ಅಳಿಸೋಕೆ ಹೊರಡುತ್ತಾರೆ. ಸ್ವಲ್ಪ ತಡೆಯಿರಿ. ಎಷ್ಟೋ ಸಲ ಎರರ್ ಬೇರೆಯದೇ ಕಥೆ ಹೇಳುತ್ತಿರುತ್ತದೆ.

ಎರರ್‌ನಲ್ಲಿ ‘ನೋಸ್ಪ್ಲಿಟ್’ ಅನ್ನೋ ಪದ, ಪಕ್ಕದಲ್ಲಿ ಈ ನೆಟ್‌ವರ್ಕ್‌ಗೆ ಲಾಗಿನ್ ಬೇಕಾ ಅನ್ನೋ ಅರ್ಥದ ಪ್ರಶ್ನೆ ಕಂಡರೆ, ನೀವು ಹಾಸ್ಟೆಲ್‌ನದೋ ಲಾಡ್ಜ್‌ನದೋ ವೈಫೈಯಲ್ಲಿದ್ದೀರಿ. ಆಪ್ಟ್ ಪ್ಯಾಕೇಜ್ ಪಟ್ಟಿ ಕೇಳಿದೆ, ವೈಫೈ ತನ್ನ ಲಾಗಿನ್ ಪುಟ ಕೊಟ್ಟಿದೆ. ಬ್ರೌಸರ್ ತೆರೆದು ಲಾಗಿನ್ ಆಗಿ, ಅಷ್ಟೇ.

ರಿಲೀಸ್ ಫೈಲ್ ‘ಇನ್ನೂ ಊರ್ಜಿತವಾಗಿಲ್ಲ’ ಅನ್ನೋ ಅರ್ಥದ ಎರರ್ ಬಂದರೆ ಗಡಿಯಾರ ನೋಡಿ. ಹಳೇ ಡೆಸ್ಕ್‌ಟಾಪ್‌ಗಳಲ್ಲಿ ಮದರ್‌ಬೋರ್ಡ್ ಮೇಲಿನ ಬಿಲ್ಲೆಯಂಥ ಸೆಲ್ ಸತ್ತಿರುತ್ತದೆ. ಕಂಪ್ಯೂಟರ್ ಇನ್ನೂ ಹಳೇ ವರ್ಷದಲ್ಲೇ ಇರುತ್ತದೆ, ಇವತ್ತಿನ ತಾರೀಖಿನ ಫೈಲ್ ಅದಕ್ಕೆ ನಾಳೆಯದು. ಇದನ್ನು ಸರಿಮಾಡೋದು ಆ ಸೆಲ್, ಸೋರ್ಸ್ ಲಿಸ್ಟ್ ಅಲ್ಲ.

‘ಹ್ಯಾಶ್ ಸಮ್ ಮಿಸ್‌ಮ್ಯಾಚ್’ ಅಂದರೆ ಇಳಿಸಿಕೊಂಡ ಪಟ್ಟಿಗೂ ಸರ್ವರ್ ಹೇಳಿದ ಲೆಕ್ಕಕ್ಕೂ ತಾಳೆ ಆಗುತ್ತಿಲ್ಲ ಅಂತ. ಮಿರರ್ (ಮೂಲ ಸರ್ವರ್‌ನ ನಕಲು ಇಟ್ಟಿರುವ ಸರ್ವರ್) ಅರ್ಧ ಸಿಂಕ್ ಆಗಿರುವಾಗ ನೀವು ಬಾಗಿಲು ತಟ್ಟಿರಬಹುದು, ಇಲ್ಲವೇ ಕಾಲೇಜಿನ ಪ್ರಾಕ್ಸಿ ಹಳೇ ಪ್ರತಿ ಕೊಡುತ್ತಿರಬಹುದು. ಇದಕ್ಕೆ ಇರೋದು ತೀರಾ ಹಗುರವಾದ ದಾರಿ: ವಾರ್, ಲಿಬ್, ಆಪ್ಟ್, ಲಿಸ್ಟ್ಸ್ ಅನ್ನೋ ಫೋಲ್ಡರಿನೊಳಗೆ ಇರೋದನ್ನೆಲ್ಲ ಅಳಿಸಿ ಮತ್ತೆ ಅಪ್‌ಡೇಟ್ ಕೊಡೋದು. ಅಲ್ಲಿ ಇರೋದು ನೆಟ್‌ನಿಂದ ಇಳಿದ ಪಟ್ಟಿಗಳು ಮಾತ್ರ, ನಿಮ್ಮ ಸೆಟ್ಟಿಂಗ್ ಅಲ್ಲ. ಅಳಿಸಿದರೆ ಆಗುವ ನಷ್ಟ ಅಂದರೆ ಒಂದಿಷ್ಟು ಡೇಟಾ. ಅಂದಹಾಗೆ, ಡಿಲೀಟ್ ಮಾಡುವ ಕಮಾಂಡನ್ನು ಸುಡೊ ಜೊತೆ ಕೊಡುವಾಗ ಪಾತ್ ಎರಡು ಸಲ ಓದಿ. ನಡುವೆ ಒಂದು ಸ್ಪೇಸ್ ಬಿದ್ದು ಮೆಷಿನ್ ಪೂರ್ತಿ ಖಾಲಿಯಾದ ಕಥೆಗಳು ಬೇಕಾದಷ್ಟಿವೆ.

‘ನೋ ಪಬ್‌ಕೀ’ ಅಂದರೆ ಒಂದು ರೆಪೊದ, ಅಂದರೆ ಪ್ಯಾಕೇಜ್ ಕೊಡುವ ಅಂಗಡಿಯ, ಸಹಿ ಪರೀಕ್ಷಿಸುವ ಕೀ ನಿಮ್ಮ ಹತ್ತಿರ ಇಲ್ಲ. ಬಹುತೇಕ ಇದು ಹೊರಗಿನ ರೆಪೊದ ತಲೆನೋವು. ಉಬುಂಟುದೇ ಕೀ ಕಳೆದಿದ್ದರೆ ‘ಸಾಫ್ಟ್‌ವೇರ್ ಅಂಡ್ ಅಪ್‌ಡೇಟ್ಸ್’ನಲ್ಲಿ ಅಥೆಂಟಿಕೇಶನ್ ಟ್ಯಾಬ್‌ಗೆ ಹೋಗಿ ರಿಸ್ಟೋರ್ ಡಿಫಾಲ್ಟ್ಸ್ ಒತ್ತಿ. ಮಿಂಟ್‌ನಲ್ಲಿ ಕಾಣೆಯಾದ ಕೀಗಳನ್ನು ಸೇರಿಸುವ ಬಟನ್ನೇ ಇದೆ. ಯಾರೋ ಹೇಳಿದರು ಅಂತ ಸಹಿ ಪರೀಕ್ಷೆಯನ್ನೇ ಆಫ್ ಮಾಡೋಕೆ ಹೋಗಬೇಡಿ. ಯಾವುದೋ ಊರಿನ ಮಿರರ್‌ನಿಂದ ಧೈರ್ಯವಾಗಿ ಪ್ಯಾಕೇಜ್ ಇಳಿಸಿಕೊಳ್ಳೋಕೆ ಆಗೋದೇ ಆ ಸಹಿ ಇರೋದರಿಂದ.

ಇವ್ಯಾವುದೂ ಅಲ್ಲ, ನಿಜಕ್ಕೂ ಲಿಸ್ಟೇ ಕೆಟ್ಟಿದೆ ಅಂದರೆ ಮುಂದಿನದು.

ಮೌಸ್ ಸಾಕಾ, ಟರ್ಮಿನಲ್ ಬೇಕಾ

ಇಲ್ಲಿ ಉಬುಂಟುಗಿಂತ ಮಿಂಟ್ ಚೆನ್ನಾಗಿದೆ, ಅದರಲ್ಲಿ ಎರಡು ಮಾತಿಲ್ಲ. ಮಿಂಟ್‌ನ ‘ಸಾಫ್ಟ್‌ವೇರ್ ಸೋರ್ಸಸ್’ ತೆರೆದರೆ ಅಧಿಕೃತ ರೆಪೊಗಳ ಟ್ಯಾಬ್‌ನಲ್ಲೇ ಡಿಫಾಲ್ಟ್ ಸೆಟ್ಟಿಂಗ್‌ಗೆ ಮರಳುವ ಬಟನ್ ಇದೆ. ಒತ್ತಿದರೆ ಮಿಂಟ್‌ನ ಲೈನು, ಅದರ ತಳಪಾಯವಾದ ಉಬುಂಟು ಲೈನುಗಳು, ಎಲ್ಲ ಮೊದಲಿನ ಹಾಗೆ. ಪಕ್ಕದ ಮೇಂಟೆನೆನ್ಸ್ ಟ್ಯಾಬ್‌ನಲ್ಲಿ ಒಂದೇ ಸೋರ್ಸ್ ಎರಡೆರಡು ಸಲ ಇದ್ದರೆ ತೆಗೆಯೋಕೆ, ಹೊರಗಿನ ಪ್ಯಾಕೇಜ್‌ಗಳನ್ನು ಅಧಿಕೃತ ಆವೃತ್ತಿಗೆ ಇಳಿಸೋಕೆ, ಇಲ್ಲವೇ ತೆಗೆದೇಹಾಕೋಕೆ ಬೇರೆಬೇರೆ ಬಟನ್‌ಗಳಿವೆ. ಡಬ್ಬದಲ್ಲಿರುವ ಬೇಳೆಯನ್ನೂ ಬದಲಿಸಿಕೊಡುವ ಟೂಲ್ ಅಂದರೆ ಇದು. ಮನೆಯಲ್ಲಿ ಅಪ್ಪ ಅಮ್ಮನ ಮೆಷಿನ್‌ಗೆ ನಾನು ಮಿಂಟ್ ಹಾಕಿಕೊಡೋಕೆ ಇದೂ ಒಂದು ಕಾರಣ. ಪಿಪಿಎಗಳ (ಹೊರಗಿನವರು ತಾವೇ ನಡೆಸುವ ರೆಪೊಗಳ) ಟ್ಯಾಬ್ ಮಾತ್ರ ಬೇರೆ, ಅದನ್ನು ನೀವೇ ತೆರೆದು ನೋಡಬೇಕು.

ಉಬುಂಟುವಿನ ಸಾಫ್ಟ್‌ವೇರ್ ಅಂಡ್ ಅಪ್‌ಡೇಟ್ಸ್‌ನಲ್ಲಿ ಹಾಗೆ ಒಂದೇ ಏಟಿಗೆ ರೀಸೆಟ್ ಮಾಡುವ ಬಟನ್ ಇಲ್ಲ. ಅಲ್ಲಿರುವ ‘ರಿವರ್ಟ್’ ನೋಡಿ ಮೋಸಹೋಗಬೇಡಿ. ಅದು ಈಗ ತೆರೆದ ಮೇಲೆ ನೀವು ಮಾಡಿದ ಬದಲಾವಣೆಗಳನ್ನು ಮಾತ್ರ ವಾಪಸ್ ತೆಗೆದುಕೊಳ್ಳುತ್ತದೆ, ಹೋದ ವಾರ ಮಾಡಿದ್ದನ್ನಲ್ಲ. ಮೇನ್, ಯೂನಿವರ್ಸ್, ರಿಸ್ಟ್ರಿಕ್ಟೆಡ್, ಮಲ್ಟಿವರ್ಸ್ ಅನ್ನೋ ನಾಲ್ಕು ಪ್ಯಾಕೇಜ್ ವಿಭಾಗಕ್ಕೂ ಟಿಕ್ ಹಾಕೋದು, ಸರ್ವರ್ ಬದಲಿಸೋದು, ‘ಅದರ್ ಸಾಫ್ಟ್‌ವೇರ್’ ಟ್ಯಾಬ್‌ನಲ್ಲಿ ಹೊರಗಿನ ರೆಪೊಗಳ ಟಿಕ್ ತೆಗೆಯೋದು, ಇಷ್ಟಕ್ಕೆ ಅದು ಒಳ್ಳೇ ಟೂಲ್. ಫೈಲೇ ಇಲ್ಲ, ಇಲ್ಲವೇ ಒಳಗೆ ಏನೇನೋ ತುಂಬಿದೆ ಅನ್ನುವಾಗ ಅದನ್ನು ನಂಬಿ ಕೂರಬೇಡಿ.

ಹಾಗಾಗಿ ಮಿಂಟ್ ಇದ್ದರೆ ಮೌಸ್ ಹಿಡಿಯಿರಿ, ಟರ್ಮಿನಲ್ ಕಡೆ ತಿರುಗಿಯೂ ನೋಡಬೇಡಿ. ಉಬುಂಟು ಇದ್ದು ಒಂದೆರಡು ಟಿಕ್ ಹೆಚ್ಚುಕಮ್ಮಿ ಆಗಿದ್ದರೂ ಅಷ್ಟೇ. ಅದಕ್ಕಿಂತ ಜಾಸ್ತಿ ಕೆಟ್ಟಿದ್ದರೆ ಫೈಲನ್ನೇ ಮುಟ್ಟಬೇಕು.

ಹೊರಗಿನ ರೆಪೊ: ತೆಗೆಯೋದಾ, ಆಫ್ ಮಾಡೋದಾ, ಪರ್ಜ್ ಮಾಡೋದಾ

ನನ್ನ ಹತ್ತಿರ ಬರುವ ಕೇಸ್‌ಗಳಲ್ಲಿ ಬಹುಪಾಲು ಇಲ್ಲಿಯವೇ. ಉಬುಂಟುವಿನ ಸ್ವಂತ ಲೈನುಗಳು ನೆಟ್ಟಗಿರುತ್ತವೆ. ಮೂರು ವರ್ಷದ ಹಿಂದೆ ಯಾವುದಕ್ಕೋ ಸೇರಿಸಿದ ಪಿಪಿಎ ಮಾತ್ರ ಈಗ ಸತ್ತುಬಿದ್ದು 404, ಅಂದರೆ ಇಲ್ಲಿ ಏನೂ ಇಲ್ಲ ಅನ್ನೋ ಉತ್ತರ, ಕೊಡುತ್ತಿರುತ್ತದೆ. ಇದಕ್ಕೆ ಪೂರ್ತಿ ರೀಸೆಟ್ ಮಾಡೋದು ಅಂದರೆ ನೊಣ ಓಡಿಸೋಕೆ ಒನಕೆ ಎತ್ತಿದ ಹಾಗೆ.

ಹೊರಗಿನ ರೆಪೊಗಳೆಲ್ಲ ಸಾಮಾನ್ಯವಾಗಿ ಇಟಿಸಿ, ಆಪ್ಟ್ ಒಳಗಿನ ಸೋರ್ಸಸ್ ಡಾಟ್ ಲಿಸ್ಟ್ ಡಾಟ್ ಡಿ ಅನ್ನೋ ಫೋಲ್ಡರಿನಲ್ಲಿ, ಒಂದಕ್ಕೊಂದು ಫೈಲಿನ ಹಾಗೆ ಕೂತಿರುತ್ತವೆ. ಆಫ್ ಮಾಡೋಕೆ ನನಗೆ ಇಷ್ಟವಾದ ದಾರಿ: ಫೈಲಿನ ಹೆಸರಿನ ಕೊನೆಗೆ ಡಾಟ್ ಡಿಸೇಬಲ್ಡ್ ಅಂತ ಸೇರಿಸೋದು. ಆಪ್ಟ್ ಅದನ್ನು ತುಟಿಪಿಟಕ್ಕೆನ್ನದೆ ಬಿಟ್ಟುಬಿಡುತ್ತದೆ. ನಾಳೆ ಬೇಕೆನಿಸಿದರೆ ಹೆಸರು ವಾಪಸ್. ಫೈಲ್ ಹೊಸ ಮಾದರಿಯದಾದರೆ (ಅದೇನು ಅಂತ ಕೆಳಗೆ ಹೇಳಿದ್ದೇನೆ) ಒಳಗೆ ‘ಎನೇಬಲ್ಡ್: ನೋ’ ಅಂತ ಒಂದು ಸಾಲು ಬರೆದರೂ ಆಯಿತು.

ಆಡ್-ಆಪ್ಟ್-ರೆಪೊಸಿಟರಿ ಕಮಾಂಡಿಗೆ ರಿಮೂವ್ ಸೇರಿಸಿ ತೆಗೆದರೆ ಸೋರ್ಸ್ ಹೋಗುತ್ತದೆ. ಅದರಿಂದ ಬಂದ ಪ್ರೋಗ್ರಾಂ ಇದ್ದಲ್ಲೇ ಇರುತ್ತದೆ. ಒಂದು ಎಡಿಟರ್, ಒಂದು ಪ್ಲೇಯರ್ ಆದರೆ ಇರಲಿ ಬಿಡಿ, ಅಪ್‌ಡೇಟ್ ಬರೋದಿಲ್ಲ ಅಷ್ಟೇ. ಆದರೆ ಗ್ರಾಫಿಕ್ಸ್ ಡ್ರೈವರ್, ಪೈಥಾನ್, ಪಿಎಚ್‌ಪಿ ಥರದ್ದು, ಅಂದರೆ ನೂರಾರು ಪ್ಯಾಕೇಜ್ ಆತುಕೊಂಡಿರುವಂಥದ್ದು ಪಿಪಿಎಯಿಂದ ಬಂದಿದ್ದರೆ ಕಷ್ಟ. ಅಧಿಕೃತ ರೆಪೊದಲ್ಲಿರುವುದಕ್ಕಿಂತ ಮೇಲಿನ ಆವೃತ್ತಿ ನಿಮ್ಮ ಮೆಷಿನ್‌ನಲ್ಲಿ ಕೂತಿರುತ್ತದೆ. ಮುಂದೆ ಏನಾದರೂ ಹಾಕೋಕೆ ಹೋದಾಗ ‘ಇದಕ್ಕೆ ಆ ಆವೃತ್ತಿಯೇ ಬೇಕು, ಆದರೆ ನಿಮ್ಮಲ್ಲಿ ಇನ್ನೊಂದಿದೆ’ ಅಂತ ಆಪ್ಟ್ ಮುಖ ತಿರುಗಿಸುತ್ತದೆ.

ಇಂಥ ಕಡೆ ಪಿಪಿಎ-ಪರ್ಜ್ ಬೇಕು. ಅದು ಸೋರ್ಸ್ ತೆಗೆದು, ಆ ಪಿಪಿಎಯಿಂದ ಬಂದದ್ದನ್ನೆಲ್ಲ ಅಧಿಕೃತ ಆವೃತ್ತಿಗೆ ಇಳಿಸುತ್ತದೆ. ಇಲ್ಲೊಂದು ತೊಡಕು ಇದೆ, ಎಷ್ಟೋ ಜನ ಇಲ್ಲೇ ಎಡವುತ್ತಾರೆ. ಯಾವ ಪ್ಯಾಕೇಜ್ ಆ ಪಿಪಿಎಯದು ಅಂತ ಅದು ತಿಳಿಯೋದು ಆ ಪಿಪಿಎಯ ಪಟ್ಟಿಯಿಂದಲೇ. ನೀವು ಮೊದಲೇ ಪಿಪಿಎ ಕಿತ್ತುಹಾಕಿದ್ದರೆ ಅದಕ್ಕೆ ಪಟ್ಟಿ ಸಿಗೋದಿಲ್ಲ. ಹಾಗಾಗಿ ಪರ್ಜ್ ಮೊದಲು. ಆಗಲೇ ತೆಗೆದಾಗಿದೆ ಅಂದರೆ ಮತ್ತೆ ಸೇರಿಸಿ, ಅಪ್‌ಡೇಟ್ ಕೊಟ್ಟು, ಆಮೇಲೆ ಪರ್ಜ್ ಮಾಡಿ. ಪಿಪಿಎಯೇ ಸತ್ತುಹೋಗಿದ್ದರೆ ಅದೂ ಆಗೋದಿಲ್ಲ. ಆಗ ಆಪ್ಟ್ ಲಿಸ್ಟ್ ಇನ್‌ಸ್ಟಾಲ್ಡ್ ಕೊಟ್ಟು, ಸಾಲಿನ ಕೊನೆಗೆ ‘ಲೋಕಲ್’ ಅಂತ ಬರುವುದನ್ನು ಹುಡುಕಿ. ಯಾವ ಸೋರ್ಸ್‌ನಲ್ಲೂ ಸಿಗದ ಪ್ಯಾಕೇಜ್‌ಗಳು ಅವು. ಸಿನಾಪ್ಟಿಕ್ ಅನ್ನೋ ಪ್ಯಾಕೇಜ್ ಟೂಲ್ ಇದ್ದರೆ ಅದರಲ್ಲಿ ಇವು ಬೇರೆ ಗುಂಪಾಗಿ ಕಾಣುತ್ತವೆ, ಕಣ್ಣಿಗೆ ಸುಲಭ. ಒಂದೊಂದಾಗಿ ನೋಡಿ ತೆಗೆಯಬೇಕು. ಬೇಜಾರಿನ ಕೆಲಸ, ಆದರೆ ಬೇರೆ ದಾರಿ ಇಲ್ಲ.

ಕ್ರೋಮ್ ವಿಷಯ ಕೇಳುವವರು ಜಾಸ್ತಿ. ಅದರ ಇನ್‌ಸ್ಟಾಲ್ ಫೈಲ್, ಅಂದರೆ ಡೆಬ್ ಫೈಲ್, ಹಾಕಿದಾಗ ಅದು ತನ್ನ ಸೋರ್ಸನ್ನು ತಾನೇ ಸೇರಿಸಿಕೊಳ್ಳುತ್ತದೆ. ಹಾಗಾಗಿ ರೀಸೆಟ್‌ನಲ್ಲಿ ಹೋದರೆ ಗಾಬರಿ ಬೇಡ. ಆಪ್ಟ್ ಹೊರತಾಗಿ ಪ್ರೋಗ್ರಾಂ ಹಾಕುವ ಸ್ನ್ಯಾಪ್, ಫ್ಲ್ಯಾಟ್‌ಪ್ಯಾಕ್‌ಗಳಿಗಂತೂ ಈ ಲಿಸ್ಟ್‌ಗೂ ಸಂಬಂಧವೇ ಇಲ್ಲ. 22.04ರಿಂದ ಉಬುಂಟುವಿನ ಫೈರ್‌ಫಾಕ್ಸ್ ಬರೋದೇ ಸ್ನ್ಯಾಪ್ ಆಗಿ, ಸೋರ್ಸ್ ಫೈಲ್ ಪೂರ್ತಿ ಹಾಳಾದರೂ ಅದು ತನ್ನ ಪಾಡಿಗೆ ಅಪ್‌ಡೇಟ್ ಆಗುತ್ತಿರುತ್ತದೆ.

ಮಿಂಟ್‌ನವರಿಗೆ ಒಂದು ಮಾತು. ಎಷ್ಟೋ ಹೊರಗಿನ ರೆಪೊಗಳು ತಾವಾಗಿಯೇ ಅಡ್ಡಹೆಸರು ಪತ್ತೆ ಮಾಡುವ ಕಮಾಂಡ್ ಕೊಟ್ಟಿರುತ್ತವೆ. ಮಿಂಟ್ 22ರಲ್ಲಿ ಅದು ‘ವಿಲ್ಮಾ’ ಅಂತ ಉತ್ತರ ಕೊಡುತ್ತದೆ. ಆ ಹೆಸರು ಉಬುಂಟುಗೆಂದು ಮಾಡಿದ ರೆಪೊದಲ್ಲಿ ಇರೋದಿಲ್ಲ, 404 ಬರುತ್ತದೆ. ಆ ಒಂದು ಪದ ತೆಗೆದು ‘ನೋಬಲ್’ ಅಂತ ಬರೆದರೆ ಸರಿ, ಮಿಂಟ್ 21 ಆದರೆ ‘ಜ್ಯಾಮಿ’. ಇಲ್ಲೂ ರೀಸೆಟ್ ಬೇಕಾಗಿಲ್ಲ.

ಫೈಲನ್ನೇ ಹೊಸದು ಮಾಡುವ ಮೂರು ದಾರಿ

ಯಾವ ದಾರಿಯಾದರೂ ಸರಿ, ಹಳೇ ಫೈಲನ್ನು ಅಳಿಸಬೇಡಿ. ಹೋಮ್ ಫೋಲ್ಡರಿಗೆ ಒಂದು ಕಾಪಿ ಮಾಡಿಟ್ಟುಕೊಳ್ಳಿ. ಇನ್ನೊಂದು, ನಿಮ್ಮದು ಯಾವ ಆವೃತ್ತಿ ಅಂತ ನೆನಪಿನಿಂದ ಹೇಳಬೇಡಿ. ಎಲ್‌ಎಸ್‌ಬಿ ಅಂಡರ್‌ಸ್ಕೋರ್ ರಿಲೀಸ್ ಕಮಾಂಡಿಗೆ ಹೈಫನ್ ಎ ಸೇರಿಸಿ ಕೊಟ್ಟು, ಅದು ಹೇಳುವ ಕೋಡ್‌ನೇಮ್ ಬರೆದಿಟ್ಟುಕೊಳ್ಳಿ.

ಇಲ್ಲಿ 2024 ಏಪ್ರಿಲ್ ಒಂದು ಗಡಿ. ಆಗ ಬಂದ 24.04ರಿಂದ ಉಬುಂಟು ಹೊಸ ಮಾದರಿಗೆ ಬದಲಾಯಿತು. ಅದಕ್ಕೂ ಮುಂಚೆ ಎಲ್ಲ ಇರುತ್ತಿದ್ದದ್ದು ಇಟಿಸಿ, ಆಪ್ಟ್ ಒಳಗಿನ ಸೋರ್ಸಸ್ ಡಾಟ್ ಲಿಸ್ಟ್‌ನಲ್ಲಿ, ಒಂದು ಸಾಲಿಗೆ ಒಂದು ಸೋರ್ಸ್. ಈಗ ಆ ಫೈಲ್ ತೆರೆದರೆ ‘ಸೋರ್ಸ್‌ಗಳು ಬೇರೆ ಕಡೆ ಹೋಗಿವೆ’ ಅನ್ನೋ ಒಂದು ಟಿಪ್ಪಣಿ ಮಾತ್ರ ಕಾಣುತ್ತದೆ. ಅಸಲಿ ಮಾಲು ಸೋರ್ಸಸ್ ಡಾಟ್ ಲಿಸ್ಟ್ ಡಾಟ್ ಡಿ ಫೋಲ್ಡರಿನ ಉಬುಂಟು ಡಾಟ್ ಸೋರ್ಸಸ್ ಅನ್ನೋ ಫೈಲಿನಲ್ಲಿದೆ. ಇದು ಗೊತ್ತಿಲ್ಲದವರು ಹಳೇ ಫೈಲ್ ಖಾಲಿ ಇದೆಯಲ್ಲ ಅಂತ ಗಾಬರಿಯಾಗಿ, ಎಲ್ಲಿಂದಲೋ ಹಳೇ ಲೈನುಗಳನ್ನು ತಂದು ಅಂಟಿಸುತ್ತಾರೆ. ಆಮೇಲೆ ಪ್ರತಿ ಅಪ್‌ಡೇಟ್‌ಗೂ ‘ಒಂದೇ ಸೋರ್ಸ್ ಹಲವು ಸಲ ಇದೆ’ ಅಂತ ಉದ್ದುದ್ದ ಎಚ್ಚರಿಕೆ. ಅಂಟಿಸಿದ್ದನ್ನು ತೆಗೆಯಿರಿ, ಅದೇ ಅದಕ್ಕೆ ರೀಸೆಟ್.

ಹೊಸ ಫೈಲನ್ನು ಒಂದು ಸಲ ತೆರೆದು ನೋಡಿ, ಹಳೆಯದಕ್ಕಿಂತ ಓದೋಕೆ ಹಿತವಾಗಿದೆ. ಒಂದೊಂದು ಗುಂಪಿಗೆ ಐದು ಸಾಲು. ಟೈಪ್ಸ್ ಮುಂದೆ ‘ಡೆಬ್’. ಯುಆರ್‌ಐಸ್ ಮುಂದೆ ಸರ್ವರ್ ವಿಳಾಸ. ಸೂಟ್ಸ್ ಮುಂದೆ ‘ನೋಬಲ್’, ‘ನೋಬಲ್-ಅಪ್‌ಡೇಟ್ಸ್’, ‘ನೋಬಲ್-ಬ್ಯಾಕ್‌ಪೋರ್ಟ್ಸ್’. ಕಾಂಪೊನೆಂಟ್ಸ್ ಮುಂದೆ ಆ ನಾಲ್ಕು ವಿಭಾಗ. ಸೈನ್ಡ್-ಬೈ ಮುಂದೆ ಉಬುಂಟು ಕೀರಿಂಗ್ ಫೈಲ್ ಇರುವ ಜಾಗ. ಕೆಳಗೆ ಇನ್ನೊಂದು ಗುಂಪು, ಅದರಲ್ಲಿ ಸರ್ವರ್ ವಿಳಾಸ ಸೆಕ್ಯುರಿಟಿಯದು, ಸೂಟ್ ‘ನೋಬಲ್-ಸೆಕ್ಯುರಿಟಿ’. ಎರಡು ಗುಂಪುಗಳ ನಡುವೆ ಒಂದು ಖಾಲಿ ಸಾಲು. ಈ ಖಾಲಿ ಸಾಲಿಗೆ ಅರ್ಥ ಇದೆ, ಗುಂಪು ಮುಗಿಯಿತು ಅಂತ. ಚೆಂದ ಕಾಣಲಿ ಅಂತ ಗುಂಪಿನ ಮಧ್ಯೆ ಎಂಟರ್ ಒತ್ತಿದಿರೋ, ಅರ್ಧರ್ಧ ಗುಂಪು ನೋಡಿ ಆಪ್ಟ್ ತಿರುಗಿಬೀಳುತ್ತದೆ.

ಇಷ್ಟು ತಿಳಿದ ಮೇಲೆ ಮೂರು ದಾರಿ. ಕೈಯಿಂದ ಬರೆಯೋದು, ಮೆಷಿನ್‌ನಲ್ಲೇ ಇರುವ ಮಾದರಿ ತೆಗೆದುಕೊಳ್ಳೋದು, ಇನ್ನೊಂದು ಮೆಷಿನ್‌ನಿಂದಲೋ ಲೈವ್ ಪೆನ್‌ಡ್ರೈವ್‌ನಿಂದಲೋ ತರೋದು.

ಕೈಯಿಂದ ಬರೆಯೋದು ನನಗಿಷ್ಟ, ಆದರೆ ಎಲ್ಲರಿಗೂ ಹೇಳೋದಿಲ್ಲ. ಒಂದು ಅಕ್ಷರ ತಪ್ಪಿದರೂ ಎರರ್, ಮತ್ತೆ ಮೊದಲಿನಿಂದ ತಡಕಾಟ. ದಿನಾ ಟರ್ಮಿನಲ್ ಮುಂದೆ ಕೂರುವವರಿಗೆ ಸರಿ.

22.04, ಅದಕ್ಕಿಂತ ಹಿಂದಿನವುಗಳಲ್ಲಿ ಒಂದು ಗುಟ್ಟಿನ ಜಾಗ ಇದೆ. ಯೂಎಸ್‌ಆರ್, ಶೇರ್, ಡಾಕ್, ಆಪ್ಟ್, ಎಕ್ಸಾಂಪಲ್ಸ್ ಅಂತ ಒಳಗೊಳಗೆ ಹೋದರೆ ಸೋರ್ಸಸ್ ಡಾಟ್ ಲಿಸ್ಟ್‌ನ ಒಂದು ಮಾದರಿ ಪ್ರತಿ ಸಿಗುತ್ತದೆ, ಅದೂ ನಿಮ್ಮ ಆವೃತ್ತಿಯ ಅಡ್ಡಹೆಸರಿನ ಜೊತೆಗೇ. ಅದನ್ನು ಇಟಿಸಿ, ಆಪ್ಟ್‌ಗೆ ಕಾಪಿ ಮಾಡಿ ಅಪ್‌ಡೇಟ್ ಕೊಟ್ಟರೆ ಮುಗೀತು. ನೆಟ್ ಬೇಡ, ಪೆನ್‌ಡ್ರೈವ್ ಬೇಡ. ಹಳೇ ಮಾದರಿಯ ಉಬುಂಟುಗೆ ಇದಕ್ಕಿಂತ ಸುಲಭದ್ದು ನನಗೆ ಗೊತ್ತಿಲ್ಲ. ಕೆಲವು ಸಾಲುಗಳ ಮುಂದೆ ಹ್ಯಾಶ್ ಗುರುತು ಇರುತ್ತದೆ, ಅಂದರೆ ಆ ಸಾಲು ಆಫ್. ಯೂನಿವರ್ಸ್, ಮಲ್ಟಿವರ್ಸ್ ತೆರೆದಿವೆಯಾ ಅಂತ ಒಮ್ಮೆ ನೋಡಿಬಿಡಿ.

24.04ರಲ್ಲಿ ನಾನು ಅದೇ ಆವೃತ್ತಿ ಇರುವ ಇನ್ನೊಂದು ಮೆಷಿನ್‌ನಿಂದ ಉಬುಂಟು ಡಾಟ್ ಸೋರ್ಸಸ್ ಫೈಲ್ ತರುತ್ತೇನೆ. ಸ್ನೇಹಿತರ ಹತ್ತಿರ ಕೇಳಿದರೂ ಆಯಿತು, ಅದರಲ್ಲಿ ಗುಟ್ಟಿನದು ಏನೂ ಇರೋದಿಲ್ಲ. ಯಾರೂ ಸಿಗದಿದ್ದರೆ ಇನ್‌ಸ್ಟಾಲ್ ಮಾಡುವಾಗ ಬಳಸಿದ ಪೆನ್‌ಡ್ರೈವ್ ಹಾಕಿ, ‘ಟ್ರೈ ಉಬುಂಟು’ಗೆ ಹೋಗಿ ಅಲ್ಲಿಂದ ಕಾಪಿ ಮಾಡಿಕೊಳ್ಳಿ. ಲೈವ್‌ನಿಂದ ತಂದದ್ದನ್ನು ಹಾಗೇ ಬಳಸಬೇಡಿ ಅನ್ನೋದು ನನ್ನ ಸಲಹೆ. ಅದರಲ್ಲಿ ಸಿಡಿರೋಮ್ ಅಂತ ಶುರುವಾಗುವ ಸಾಲಿದ್ದರೆ ತೆಗೆಯಿರಿ. ಇಲ್ಲದಿದ್ದರೆ ಇಲ್ಲದ ಸಿಡಿಯನ್ನು ಹುಡುಕುತ್ತ ಆಪ್ಟ್ ದಿನಾ ಗೊಣಗುತ್ತದೆ. ನಾಲ್ಕೂ ವಿಭಾಗ ಇವೆಯಾ ಅಂತಲೂ ನೋಡಿ.

ಎರಡು ಕಡೆ ಕಾಪಿ ಕೈಕೊಡುತ್ತದೆ. ಆವೃತ್ತಿ ಬೇರೆಯಾದರೆ ಭಾವನ ಕಥೆ. ಪ್ರೊಸೆಸರ್ ಬೇರೆಯಾದರೆ ಇನ್ನೊಂದು ಕಥೆ: ರಾಸ್‌ಬೆರಿ ಪೈನಲ್ಲಿ 24.04 ಓಡಿಸುತ್ತಿದ್ದರೆ ಅದರ ಪ್ಯಾಕೇಜ್‌ಗಳು ಬರೋದು ಪೋರ್ಟ್ಸ್ ಡಾಟ್ ಉಬುಂಟು ಡಾಟ್ ಕಾಮ್‌ನಿಂದ. ಇಂಟೆಲ್ ಲ್ಯಾಪ್‌ಟಾಪ್‌ನ ಫೈಲ್ ಅಲ್ಲಿ ಹಾಕಿದರೆ ಬರೀ 404.

ನೆಟ್‌ನಲ್ಲಿ ಸೋರ್ಸ್ ಲಿಸ್ಟ್ ಬರೆದುಕೊಡುವ ಜನರೇಟರ್ ತಾಣಗಳೂ ಇವೆ. ನಾನು ಬಳಸೋದಿಲ್ಲ. ನಮ್ಮ ಮೆಷಿನ್‌ನಲ್ಲಿ ರೂಟ್ ಅಧಿಕಾರದಿಂದ ಏನು ಇನ್‌ಸ್ಟಾಲ್ ಆಗಬೇಕು ಅಂತ ತೀರ್ಮಾನಿಸುವ ಫೈಲ್ ಅದು. ಗುರುತು ಪರಿಚಯ ಇಲ್ಲದವರ ಕೈಯಲ್ಲಿ ಬರೆಸೋದು ಯಾಕೆ, ಅಲ್ವಾ?

ಆವೃತ್ತಿಗೇ ವಯಸ್ಸಾಗಿದ್ದರೆ

ಮಧ್ಯೆ ಮಧ್ಯೆ ಬರುವ ಉಬುಂಟು ಆವೃತ್ತಿಗಳಿಗೆ, ಅಂದರೆ ಎಲ್‌ಟಿಎಸ್ (ದೀರ್ಘಕಾಲ ಅಪ್‌ಡೇಟ್ ಸಿಗುವಂಥದ್ದು) ಅಲ್ಲದವಕ್ಕೆ, ಆಯಸ್ಸು 9 ತಿಂಗಳು. ಅದು ಮುಗಿದ ಮೇಲೆ ಆ ಪ್ಯಾಕೇಜ್‌ಗಳನ್ನು ಓಲ್ಡ್-ರಿಲೀಸಸ್ ಅನ್ನೋ ಸರ್ವರ್‌ಗೆ ಸಾಗಿಸುತ್ತಾರೆ. 23.10 ಹಾಕಿಕೊಂಡು ಮರೆತವರಿಗೆ ಆಗೋದು ಇದೇ. ಫೈಲ್ ಅಕ್ಷರಶಃ ಸರಿ ಇರುತ್ತದೆ, ಆದರೂ ‘ರಿಲೀಸ್ ಫೈಲ್ ಇಲ್ಲ’ ಅಂತ ಎರರ್. ಡಿಫಾಲ್ಟ್‌ಗೆ ಎಷ್ಟು ಸಲ ರೀಸೆಟ್ ಮಾಡಿದರೂ ಅದೇ ಎರರ್, ಯಾಕಂದರೆ ಡಿಫಾಲ್ಟ್ ಅಂಗಡಿಯೇ ಜಾಗ ಖಾಲಿ ಮಾಡಿದೆ. ವಿಳಾಸದಲ್ಲಿ ಆರ್ಕೈವ್, ಸೆಕ್ಯುರಿಟಿ ಅಂತ ಇರುವ ಕಡೆ ಓಲ್ಡ್-ರಿಲೀಸಸ್ ಅಂತ ಬದಲಿಸಿ. ಆದರೆ ಅಲ್ಲೇ ಮನೆ ಮಾಡಬೇಡಿ, ಅಲ್ಲಿಗೆ ಸೆಕ್ಯುರಿಟಿ ಅಪ್‌ಡೇಟ್ ಬರೋದಿಲ್ಲ. ಮುಂದಿನ ಆವೃತ್ತಿಗೆ ಹತ್ತೋಕೆ ಅದೊಂದು ಮೆಟ್ಟಿಲು ಮಾತ್ರ.

ಎಲ್‌ಟಿಎಸ್‌ಗಳಿಗೆ 5 ವರ್ಷ. ಉಬುಂಟು ಪ್ರೊಗೆ ಸೇರಿದರೆ 10 ವರ್ಷದವರೆಗೆ ಸೆಕ್ಯುರಿಟಿ ಅಪ್‌ಡೇಟ್ ಸಿಗುತ್ತದೆ, ಮನೆ ಬಳಕೆಗೆ 5 ಮೆಷಿನ್‌ವರೆಗೆ ಪುಕ್ಕಟೆ. 20.04ರಲ್ಲಿ ಇನ್ನೂ ಇರುವವರು ಸೋರ್ಸ್ ಜೊತೆ ಗುದ್ದಾಡುವ ಬದಲು ಇದನ್ನು ನೋಡಿ.

ಡೆಬಿಯನ್‌ನವರು ಟರ್ಮಿನಲ್‌ಗೆ ಹೆದರುವವರಲ್ಲ, ಹಾಗಾಗಿ ಎರಡೇ ಮಾತು. 2023ರಲ್ಲಿ ಬಂದ ಡೆಬಿಯನ್ 12ರಿಂದ ನಾನ್-ಫ್ರೀ-ಫರ್ಮ್‌ವೇರ್ ಅಂತ ಹೊಸ ವಿಭಾಗ ಬಂತು. ಹಳೇ ಲಿಸ್ಟಿನಿಂದ ನಕಲು ಮಾಡಿ ಇದನ್ನು ಬಿಟ್ಟರೆ ವೈಫೈ ಕಾರ್ಡಿನ ಫರ್ಮ್‌ವೇರ್‌ಗೆ ಅಪ್‌ಡೇಟ್ ನಿಲ್ಲುತ್ತದೆ. ಡೆಬಿಯನ್ 13ರಲ್ಲಿ ಆಪ್ಟ್ ಮಾಡರ್ನೈಸ್-ಸೋರ್ಸಸ್ ಅನ್ನೋ ಕಮಾಂಡ್ ಹಳೇ ಮಾದರಿಯನ್ನು ತಾನೇ ಹೊಸದಕ್ಕೆ ತಿರುಗಿಸಿಕೊಡುತ್ತದೆ. ಅದು ರೀಸೆಟ್ ಅಲ್ಲ. ತಪ್ಪು ಸಾಲನ್ನು ತಪ್ಪಾಗಿಯೇ ಹೊಸ ಮಾದರಿಗೆ ತರುತ್ತದೆ.

ವೈ ಒತ್ತಿಬಿಟ್ಟಿದ್ದರೆ

ಹಿಸ್ಟರಿ ಲಾಗ್‌ನಲ್ಲಿ ಬೇರೆ ಆವೃತ್ತಿಯ ಒಂದೆರಡು ಸಣ್ಣ ಪ್ಯಾಕೇಜ್ ಕಂಡರೆ ಸೋರ್ಸ್ ಸರಿಮಾಡಿ, ಅವನ್ನು ತೆಗೆದು ಮತ್ತೆ ಹಾಕಿ. ಆದರೆ ಆ ಪಟ್ಟಿಯಲ್ಲಿ ಲಿಬ್‌ಸಿ6 ಅಪ್‌ಗ್ರೇಡ್ ಆಗಿದೆ ಅಂತ ಕಂಡರೆ ಕೈ ಬಿಡಿ. ಮೆಷಿನ್‌ನ ಹೆಚ್ಚುಕಮ್ಮಿ ಎಲ್ಲ ಪ್ರೋಗ್ರಾಂಗಳೂ ಆತುಕೊಂಡಿರುವ ಕಂಬ ಅದು. ಅದನ್ನು ಹಿಂದಕ್ಕೆ ಇಳಿಸೋಕೆ ಹೋಗಿ ಬೂಟೇ ಆಗದಂತೆ ಮಾಡಿಕೊಂಡವರಿದ್ದಾರೆ. ಹೋಮ್ ಫೋಲ್ಡರ್ ಬ್ಯಾಕಪ್ ಮಾಡಿ ಹೊಸದಾಗಿ ಇನ್‌ಸ್ಟಾಲ್ ಮಾಡಿ. ಬೀದಿಯ ಹುಡುಗ ಎರಡು ದಿನ ಇಳಿಸೋಕೆ ಒದ್ದಾಡಿ, ಕೊನೆಗೆ ಮುಕ್ಕಾಲು ಗಂಟೆಯಲ್ಲಿ ಹೊಸದು ಹಾಕಿಕೊಂಡ.

ಮಿರರ್ ಆಯ್ಕೆ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಭಾರತದ ಸರ್ವರ್ ಚೆನ್ನಾಗಿ ಓಡುತ್ತಿದ್ದರೆ ಅದೇ ಇರಲಿ. ರೀಸೆಟ್ ಮಾಡಿದ ಹೊತ್ತಿನಲ್ಲಿ ಮಾತ್ರ ಮೇನ್ ಸರ್ವರ್ ಇಟ್ಟು ನೋಡಿ. ಎರರ್ ಬಂದರೆ ಅದು ಮಿರರ್‌ನದಾ, ನಿಮ್ಮ ಫೈಲಿನದಾ ಅನ್ನೋ ಗೊಂದಲ ಇರೋದಿಲ್ಲ.

ಎಲ್ಲ ಆದ ಮೇಲೆ ಅಪ್‌ಡೇಟ್ ತಣ್ಣಗೆ ಮುಗಿಯಿತು ಅಂತ ಎದ್ದುಬಿಡಬೇಡಿ. ಭಾವನ ಮೆಷಿನ್‌ನಲ್ಲೂ ತಪ್ಪು ಲಿಸ್ಟ್ ಇದ್ದಾಗ ಅಪ್‌ಡೇಟ್ ತಣ್ಣಗೇ ಮುಗಿದಿತ್ತಲ್ಲ. ಆಪ್ಟ್ ಪಾಲಿಸಿ ವಿಎಲ್‌ಸಿ ಅಂತ ಕೊಡಿ. ವಿಎಲ್‌ಸಿ ಇರೋದು ಯೂನಿವರ್ಸ್‌ನಲ್ಲಿ. ‘ಕ್ಯಾಂಡಿಡೇಟ್’ ಮುಂದೆ ‘ನನ್’ ಅಂತ ಬಂದರೆ ಯೂನಿವರ್ಸ್ ಬಿಟ್ಟುಹೋಗಿದೆ. ಉಬುಂಟು-ರಿಸ್ಟ್ರಿಕ್ಟೆಡ್-ಎಕ್ಸ್‌ಟ್ರಾಸ್ ಬಗ್ಗೆ ಕೇಳಿದರೆ ಮಲ್ಟಿವರ್ಸ್ ಇದೆಯಾ ಅಂತ ತಿಳಿಯುತ್ತದೆ. ಆ ಉತ್ತರದ ಕೆಳಗಿನ ಸಾಲುಗಳಲ್ಲಿ ಅಡ್ಡಹೆಸರು ಕಾಣುತ್ತದೆ, ಅದು ನೀವು ಮೊದಲು ಬರೆದಿಟ್ಟುಕೊಂಡ ಕೋಡ್‌ನೇಮೇ ಆಗಿರಬೇಕು.

ಕೊನೆಗೆ ನಿಜವಾಗಿ ಏನಾದರೂ ಇಳಿಸಿ ನೋಡಬೇಕಲ್ಲ, ಅದಕ್ಕೆ ನಾನು ಯಾವಾಗಲೂ ಫಾಂಟ್ಸ್-ನವಿಲು ಅನ್ನೋ ಕನ್ನಡ ಫಾಂಟ್ ಪ್ಯಾಕೇಜ್ ಹಾಕುತ್ತೇನೆ. ಸಣ್ಣದು, ಯಾವುದನ್ನೂ ಕೆಡಿಸೋದಿಲ್ಲ. ಭಾವನ ಲ್ಯಾಪ್‌ಟಾಪ್‌ನಲ್ಲಿ ಅದು ಕಣ್ಣು ಮಿಟುಕಿಸೋದರೊಳಗೆ ಇಳಿಯಿತು. “ಅಕ್ಷರ ದುಂಡಗಿದೆಯಲ್ಲೋ” ಅಂದರು ಭಾವ. ಆ ಹೊಸ ಆವೃತ್ತಿಯ ಪ್ರೋಗ್ರಾಂ ಯಾವುದು, ಯಾಕೆ ಬೇಕಿತ್ತು ಅನ್ನೋದು ಆ ಹೊತ್ತಿಗೆ ಅವರಿಗೂ ಮರೆತುಹೋಗಿತ್ತು.